ಮುದಿ ಬೆಕ್ಕಿನ ಮರಳು

"ಗುರುಗಳೇ, ನಮ್ಮ ಸೇವೆಯಲ್ಲಿ ಏನು ಕೊರತೆಯಾಯಿತು?"

ಶಿಷ್ಯ ಕೊಟ್ರಯ್ಯ ಹೀಗೆ ಕೇಳುವಾಗ ಅವನ ಕೈಯಲ್ಲಿ ತ್ರಿಫಲಾ ಕಷಾಯದ ಲೋಟವಿತ್ತು. ಮಠದ ಅಷ್ಟೂ ಕೋಣೆಗಳ ಬೀಗದ ಕೈ ಗೊಂಚಲು ಅವನ ಸೊಂಟದಲ್ಲಿ ನೇತಾಡುತ್ತಿತ್ತು. ಗುರುಗಳಿಗೆ ವಯಸ್ಸಾಗಿತ್ತು. ಭಕ್ತರೆಲ್ಲ ಸೇರಿ ಅವರಿಗಾಗಿ ಮಹಡಿಯ ಮೇಲೆ ಹೊಸ ಕೋಣೆ ಕಟ್ಟಿಸಿದ್ದರು. ನೆಲಕ್ಕೆ ಅಮೃತಶಿಲೆ, ಕೋಣೆಗೇ ಅಂಟಿಕೊಂಡ ಬಚ್ಚಲು, ಕೈಗೆಟುಕುವಂತೆ ಕರೆಗಂಟೆ. ಹಿತ್ತಲ ಕಡೆಗೆ ಬಾಗಿಲಿದ್ದ ಅವರ ಹಳೆಯ ಕೋಣೆ ಕೆಳಗಿತ್ತು. ಅದಕ್ಕೆ ಕೊಟ್ರಯ್ಯನೇ ಬೀಗ ಹಾಕಿದ್ದ.

ಮೇಲೆ ಬಂದಾಗಿನಿಂದ ಗುರುಗಳ ಹೊಟ್ಟೆ ಕಟ್ಟಿತ್ತು. ಊಟ ಕಡಿಮೆಯಾಗಿತ್ತು, ಸಿಟ್ಟು ಜಾಸ್ತಿಯಾಗಿತ್ತು. ಆ ದಿನ ಬೆಳಿಗ್ಗೆ ಬಚ್ಚಲ ಬಾಗಿಲ ಹೊರಗೆ ನಿಂತು ಶಿಷ್ಯನೊಬ್ಬ "ಆಯಿತೇ ಗುರುಗಳೇ?" ಎಂದು ಕೇಳಿದ್ದಕ್ಕೆ ಅವರು ಒಳಗಿನಿಂದ ಚೊಂಬು ಎಸೆದಿದ್ದರು. ಚೊಂಬು ನೆಗ್ಗಿತ್ತು. ಶಿಷ್ಯರು ನೊಂದಿದ್ದರು. ಎಲ್ಲರ ಪರವಾಗಿ ಕೊಟ್ರಯ್ಯ ಬಂದು ಕೇಳಿದ್ದ.

"ಕೊರತೆಯೇ?" ಎಂದರು ಗುರುಗಳು. "ಒಂದಿಷ್ಟು ಕೊರತೆಯಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಲೋಟ ಕೆಳಗಿಡು. ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ."

ಕೊಟ್ರಯ್ಯ ಲೋಟ ಕೆಳಗಿಟ್ಟು ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಮಂಡಕ್ಕಿ ವ್ಯಾಪಾರಿ ಇದ್ದ. ಅವನಿಗೆ ಸ್ವಂತದ್ದೊಂದು ಭಟ್ಟಿ ಇತ್ತು. ಮಂಡಕ್ಕಿ ಭಟ್ಟಿ ಅಂದರೆ ಗೊತ್ತಲ್ಲ, ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಿ ಅಕ್ಕಿ ಮಾಡಬೇಕು, ಆಮೇಲೆ ಕಾದ ಮರಳಿನಲ್ಲಿ ಹುರಿಯಬೇಕು. ಅವನ ಭಟ್ಟಿಯಲ್ಲಿ ಒಂದು ಹೆಣ್ಣು ಬೆಕ್ಕಿತ್ತು. ಭತ್ತದ ಚೀಲಗಳ ಮೇಲೆ ಕೂತು ಬಂದವರನ್ನೆಲ್ಲ ಲೆಕ್ಕಕ್ಕಿಲ್ಲದಂತೆ ನೋಡುತ್ತಿತ್ತು. ಅದಕ್ಕೇ ಅವನು ಅದನ್ನು ಯಜಮಾನಿ ಎಂದು ಕರೆಯುತ್ತಿದ್ದ.

ಯಜಮಾನಿ ಇದ್ದಷ್ಟು ಕಾಲ ಆ ಭಟ್ಟಿಯಲ್ಲಿ ಇಲಿ ಕಾಟ ಇರಲಿಲ್ಲ. ಅವನು ಉಣ್ಣುವ ಅನ್ನದಲ್ಲಿ ಅದರ ಪಾಲೂ ಇತ್ತು. ಅದನ್ನು ಅವನು ಮರೆಯಲಿಲ್ಲ. ಒಳ್ಳೆಯವನು. ನಾನು ಅವನನ್ನು ಕೆಟ್ಟವನು ಎನ್ನುತ್ತಿಲ್ಲ. ಕೆಟ್ಟವನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಬೆಕ್ಕು ತನ್ನ ಪಾಡಿಗೆ ತಾನು ಚೆನ್ನಾಗಿರುತ್ತಿತ್ತು.

ಬೆಕ್ಕಿಗೆ ವಯಸ್ಸಾಯಿತು. ಹಿಂಗಾಲು ಬಿಗಿಯಿತು. ಚೀಲದ ಮೇಲೆ ಹಾರುವುದು ಬಿಟ್ಟು ಭಟ್ಟಿಯ ಬೆಚ್ಚಗಿನ ಗೋಡೆಗೆ ಒರಗಿ ಮಲಗತೊಡಗಿತು. ವ್ಯಾಪಾರಿ ಅದನ್ನು ಗಮನಿಸಿದ. ಇಷ್ಟು ದಿನ ನನಗಾಗಿ ದುಡಿದ ಜೀವ, ಇನ್ನು ಮೇಲೆ ಇದಕ್ಕೆ ಏನೂ ಕಡಿಮೆಯಾಗಬಾರದು ಎಂದು ನಿಶ್ಚಯಿಸಿದ.

ಅಲ್ಲಿಗೆ ಆ ಬೆಕ್ಕಿನ ನೆಮ್ಮದಿ ಮುಗಿಯಿತು.

ಭಟ್ಟಿಯ ಹಿಂದೆ ಹಳೆಯ ಮರಳಿನ ಒಂದು ಗುಡ್ಡೆ ಇತ್ತು. ಹುರಿದು ಹುರಿದು ಮರಳು ಸವೆಯುತ್ತದೆ, ಕಪ್ಪಾಗುತ್ತದೆ, ಹಿಟ್ಟಿನಂತೆ ನುಣ್ಣಗಾಗುತ್ತದೆ. ಆಮೇಲೆ ಅದು ಮಂಡಕ್ಕಿಗೆ ಬಾರದು. ಅಕ್ಕಿ ಅರಳುವುದಿಲ್ಲ, ಮಸಿ ಹಿಡಿಯುತ್ತದೆ. ಅದನ್ನು ಹಿಂದಕ್ಕೆ ಸುರಿದು ಹೊಸ ಮರಳು ಹಾಕುತ್ತಾರೆ. ಹೊಸ ಮರಳು ದಪ್ಪಗಿರಬೇಕು, ತೊಳೆದಿರಬೇಕು, ಜರಡಿ ಹಿಡಿದಿರಬೇಕು. ಒಬ್ಬ ಭಟ್ಟಿಯವನ ಮರ್ಯಾದೆ ಇರುವುದು ಅವನ ಮರಳಿನಲ್ಲಿ. ಭಟ್ಟಿಯವರು ಇನ್ನೊಬ್ಬರ ಭಟ್ಟಿಗೆ ಹೋದರೆ ಮೊದಲು ಮಾಡುವ ಕೆಲಸ ಒಂದು ಮುಷ್ಟಿ ಮರಳು ಎತ್ತಿ ಬೆರಳಲ್ಲಿ ತಿಕ್ಕಿ ನೋಡುವುದು.

ಯಜಮಾನಿ ಹುಟ್ಟಿದಾಗಿನಿಂದ ತನ್ನ ಶೌಚಕ್ಕೆ ಆ ಹಿಂದಿನ ಗುಡ್ಡೆಗೇ ಹೋಗುತ್ತಿತ್ತು. ಕೆರೆಯುವುದು, ಕೂರುವುದು, ಮುಚ್ಚುವುದು, ಬರುವುದು. ಯಾರಿಗೂ ಅದರ ಸುದ್ದಿಯೇ ಇರಲಿಲ್ಲ.

ವ್ಯಾಪಾರಿ ಆ ಗುಡ್ಡೆಯನ್ನು ನೋಡಿದ. ಮಸಿ ಮರಳು, ಕಸ, ಮಳೆ ಬಂದರೆ ಕೆಸರು. ಛೆ, ಮುದುಕಿ ಇಲ್ಲಿ ಯಾಕೆ ಕಷ್ಟಪಡಬೇಕು ಎಂದುಕೊಂಡ. ಗುಡ್ಡೆಯನ್ನು ಗಾಡಿಗೆ ತುಂಬಿಸಿ ಊರಾಚೆಯ ಹಳ್ಳಕ್ಕೆ ಸುರಿಸಿದ. ನೆಲಕ್ಕೆ ಕಲ್ಲು ಹಾಸಿಸಿದ. ಚಾವಣಿ ಕೆಳಗೆ ಒಂದು ಪುಟ್ಟ ಕಟ್ಟೆ ಕಟ್ಟಿಸಿ, ಅದರ ಮೇಲೆ ಹುರಿಯುವ ಕಬ್ಬಿಣದ ಬಾಣಲೆಯನ್ನೇ ಇಟ್ಟು, ಅದರ ತುಂಬ ಹೊಸ ಮರಳು ತುಂಬಿದ. ದಪ್ಪನೆಯದು, ತೊಳೆದದ್ದು, ಜರಡಿ ಹಿಡಿದದ್ದು. ಇಡೀ ಬೀದಿಯನ್ನು ಕರೆದು ತೋರಿಸಿದ. ನೋಡಿದವರೆಲ್ಲ ಬೆಕ್ಕಿನ ಪುಣ್ಯ ಎಂದರು. ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡ.

"ಎಂಥ ಅಂತಃಕರಣ, ಗುರುಗಳೇ!" ಎಂದ ಕೊಟ್ರಯ್ಯ.

"ಬಾಯಿ ಹಾಕಬೇಡ ಎಂದಿದ್ದೆ."

ಬೆಕ್ಕು ಬಂತು. ಕಟ್ಟೆಯ ಕೆಳಗೆ ನಿಂತು ಮೇಲೆ ನೋಡಿತು. ಹಿಂಗಾಲು ಎತ್ತಲಾಗದ ಬೆಕ್ಕಿಗೆ ಅವನು ಕಟ್ಟೆ ಕಟ್ಟಿಸಿದ್ದ. ಹೇಗೋ ಏರಿತು. ಬಾಣಲೆಯ ಅಂಚು ಜಾರುತ್ತಿತ್ತು. ಹೇಗೋ ಒಳಗೆ ಇಳಿಯಿತು. ಕೆರೆಯಲು ಪಂಜ ಹಾಕಿತು. ದಪ್ಪ ಮರಳು ಅದರ ಮುದಿ ಅಂಗಾಲಿಗೆ ಚುಚ್ಚಿತು. ಪಂಜ ಕೊಡವಿ ಇಳಿದು ಹೋಯಿತು. ಅದಕ್ಕೆ ಮಾತು ಬರುತ್ತಿದ್ದರೆ ಏನೆನ್ನುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ಮಠದಲ್ಲಿ ಆಡುವ ಮಾತಲ್ಲ.

ಆಮೇಲೆ ಅದು ತಡೆದುಕೊಳ್ಳುವುದನ್ನು ಕಲಿಯಿತು. ಭಟ್ಟಿಯ ಕಾವಿನಲ್ಲಿ ದಿನವಿಡೀ ಮಲಗುವುದು, ನೀರು ಕುಡಿಯುವುದು ಅಷ್ಟಕ್ಕಷ್ಟೇ, ತಿನ್ನುವುದು ಒಣಮೀನು. ಒಳಗಿದ್ದದ್ದು ಕಲ್ಲಾಯಿತು. ಕೊನೆಗೆ ತಡೆಯಲಾಗದೆ ಬಾಣಲೆಗೆ ಏರಿ ಕೂತು ತಿಣುಕಿತು. ಏನೂ ಬರಲಿಲ್ಲ. ಮತ್ತೆ ತಿಣುಕಿತು. ಕೂಗಿತು. ಆ ಕೂಗು ಕೇಳಿ ವ್ಯಾಪಾರಿ ಕೈಯಲ್ಲಿದ್ದ ಜರಡಿ ಬಿಟ್ಟು ಓಡಿಬಂದ.

ಬೆಕ್ಕಿಗೆ ಮಲ ಕಟ್ಟಿದೆ ಎಂದು ಮನೆಗೆಲ್ಲ ಗೊತ್ತಾಯಿತು. ಇನ್ನು ಕೇಳಬೇಕೆ? ಒಂದು ಜೀವಕ್ಕೆ ಕಾಯಿಲೆ ಬಂದರೆ ಉಳಿದವರೆಲ್ಲ ವೈದ್ಯರಾಗುತ್ತಾರೆ. ಹೆಂಡತಿ ಹಾಲಿಗೆ ತುಪ್ಪ ಹಾಕಿ ಕುಡಿಸಿದಳು. ಬೆಕ್ಕಿನ ಹೊಟ್ಟೆ ಉಬ್ಬಿತು. ಭಾವಮೈದುನ ಬಾಳೆಹಣ್ಣು ಕಿವುಚಿ ತಂದ. ಬೆಕ್ಕು ಮುಖ ತಿರುಗಿಸಿತು, ಅವನಿಗೆ ಅವಮಾನವಾಯಿತು. ಪಕ್ಕದ ಭಟ್ಟಿಯ ಮುದುಕಿ ಹರಳೆಣ್ಣೆ ಕಳಿಸಿದಳು. ವ್ಯಾಪಾರಿ ಬೆಕ್ಕನ್ನು ಪಂಚೆಯಲ್ಲಿ ಸುತ್ತಿ ಬಾಯಿ ಬಿಡಿಸಿ ಎಣ್ಣೆ ಹೊಯ್ದ. ಅರ್ಧ ಅದರ ಮೈಮೇಲೆ ಬಿತ್ತು, ಉಳಿದರ್ಧಕ್ಕೆ ಅದು ಕೆಮ್ಮಿತು. ಅವನ ಮೊಣಕೈ ತುಂಬ ಪರಚು ಗಾಯ.

"ನಿನ್ನ ಒಳ್ಳೇದಕ್ಕೇ ಅಲ್ವೇನೇ?" ಎಂದು ಅವನು ಬೆಕ್ಕನ್ನು ಗದರಿದ. ಗದರಿ, ಆಮೇಲೆ ತಾನೇ ಅತ್ತ.

ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿತ್ತು. ಬೆಕ್ಕು ಯಾವಾಗ ಬಾಣಲೆಯ ಕಡೆ ಹೆಜ್ಜೆ ಹಾಕಿದರೂ ಮನೆಯವರೆಲ್ಲ ಹಿಂದೆ ಹೋಗಿ ಸುತ್ತ ನಿಲ್ಲುತ್ತಿದ್ದರು. ಉಸಿರು ಹಿಡಿದು ನೋಡುತ್ತಿದ್ದರು. ಬೆಕ್ಕು ಒಬ್ಬೊಬ್ಬರ ಮುಖವನ್ನೂ ನೋಡಿ ಇಳಿದು ಬರುತ್ತಿತ್ತು. "ಇವತ್ತೂ ಇಲ್ಲ" ಎಂದು ಒಳಗೆ ಸುದ್ದಿ ಹೋಗುತ್ತಿತ್ತು. ಮಂಡಕ್ಕಿ ಕೊಳ್ಳಲು ಬಂದ ಗಿರಾಕಿಗಳು ಮೊದಲು "ಬೆಕ್ಕಿಗೆ ಆಯ್ತೇನ್ರೀ?" ಎಂದು ಕೇಳುತ್ತಿದ್ದರು, ಆಮೇಲೆ ದರ ಕೇಳುತ್ತಿದ್ದರು. ಒಂದು ಮುದಿ ಪ್ರಾಣಿ ಇಡೀ ಬೀದಿಯ ಕಣ್ಣೆದುರು ಆ ಕೆಲಸ ಮಾಡಬೇಕಾಗಿತ್ತು. ಮಾಡಲಿಲ್ಲ ಎಂದು ಎಲ್ಲರಿಗೂ ಅದರ ಮೇಲೆ ಮುನಿಸು ಬೇರೆ.

ಕೊಟ್ರಯ್ಯ ಕೂತಲ್ಲೇ ಸ್ವಲ್ಪ ಸರಿದ. ಗೊಂಚಲು ಸದ್ದು ಮಾಡಿತು. "ಅವನು ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ, ಗುರುಗಳೇ?" ಎಂದ.

"ಹೋದ. ಎಲ್ಲ ಮಾಡಿ ಮುಗಿಸಿದ ಮೇಲೆ ಹೋದ. ನೀವೆಲ್ಲ ಹೋಗುವುದು ಆವಾಗಲೇ."

ಬೆಕ್ಕು ತಿನ್ನುವುದು ಬಿಟ್ಟಿತು. ವಾಂತಿ ಮಾಡಿತು. ವ್ಯಾಪಾರಿಯನ್ನು ಕಂಡರೆ ಚೀಲದ ಸಂದಿಗೆ ಹೋಗಿ ಅವಿತುಕೊಳ್ಳತೊಡಗಿತು. ಅವನು ಅಷ್ಟು ವರ್ಷ ಸಾಕಿದ ಬೆಕ್ಕು, ಅವನನ್ನು ಕಂಡು ಅವಿತಿತು. ಆಗ ಅವನ ಎದೆ ಒಡೆಯಿತು. ಅದನ್ನು ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಪಶುವೈದ್ಯೆಯ ಬಳಿ ಓಡಿದ.

ಆ ಡಾಕ್ಟರಮ್ಮ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿದಳು. ಅವಳ ಮುಖ ಗಂಟಾಯಿತು.

"ಎಷ್ಟು ದಿನ ಆತು?"

"ಭಾಳ ದಿನ ಆತ್ರೀ. ತುಪ್ಪ, ಬಾಳೆಹಣ್ಣು, ಹರಳೆಣ್ಣಿ, ನಾವೂ ಮಾಡೋದೆಲ್ಲ ಮಾಡೀವಿ."

"ಅದೇ ನೋಡಿ ತಪ್ಪಾಗಿದ್ದು. ಎಣ್ಣಿ ಯಾಕೆ ಹೊಯ್ದ್ರಿ? ಉಸಿರಿನ ಕಡಿಗೆ ಹೋಗಿದ್ರೆ ಅಲ್ಲೇ ಮುಗೀತಿತ್ತು. ಇನ್ನ ಮ್ಯಾಲೆ ಮನಿ ಮದ್ದು ಬ್ಯಾಡ, ಮನುಷ್ಯರ ಮಾತ್ರೆ ಬ್ಯಾಡ, ಮನ್ಯಾಗೆ ಎನಿಮಾ ಅಂತೂ ಬ್ಯಾಡೇ ಬ್ಯಾಡ. ಬೆಕ್ಕು ತಿಣುಕಿದ್ರೆ ಕಾಯ್ಕೊಂತ ಕೂರಬ್ಯಾಡ್ರಿ. ಮೂತ್ರ ಕಟ್ಟಿದ್ರೂ ಹಂಗೇ ತಿಣುಕ್ತಾವೆ. ಕರ್ಕೊಂಡು ಬರ್ರಿ."

ಅವಳು ಬೆಕ್ಕಿನ ಚರ್ಮದ ಕೆಳಗೆ ನೀರು ಏರಿಸಿದಳು. ಮಂಪರು ಬರುವ ಮದ್ದು ಕೊಟ್ಟು, ಕಟ್ಟಿದ್ದನ್ನು ತೆಗೆದಳು. ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡ ಸದ್ಯಕ್ಕೆ ಪರವಾಗಿಲ್ಲ ಎಂದಳು. ಸೊಂಟದ ಕೀಲು ಸವೆದಿದೆ ಎಂದು ಬೆಕ್ಕಿಗೇ ಇರುವ ನೋವಿನ ಔಷಧ ಕೊಟ್ಟಳು. ಮನೆಯಲ್ಲಿ ಮಾಡಬೇಕಾದ್ದನ್ನೆಲ್ಲ ಹೇಳಿದಳು. ಒಣಮೀನು ಹಾಕಬೇಡಿ. ಉಪ್ಪು ಹಾಕದೆ ಮೀನು ಬೇಯಿಸಿ, ಬೇಯಿಸಿದ ನೀರಿನ ಸಮೇತ ಹಾಕಿ. ಅದರಲ್ಲಿ ಒಂದು ಚಮಚ ಬೆಂದ ಸಿಹಿಗುಂಬಳ ಕಲಸಿ. ನೀರಿನ ಬಟ್ಟಲು ಊಟದ ಹತ್ತಿರ ಬೇಡ, ಬೇರೆ ಬೇರೆ ಕಡೆ ಇಡಿ. ಮೈ ಬಾಚಿ, ನೆಕ್ಕಿಕೊಂಡ ಕೂದಲು ಹೊಟ್ಟೆಗೆ ಹೋಗುವುದು ಕಡಿಮೆಯಾಗುತ್ತದೆ. ಕಾವಿನಿಂದ ಎಬ್ಬಿಸಿ ಸ್ವಲ್ಪ ಆಡಿಸಿ.

ವ್ಯಾಪಾರಿ ತಲೆದೂಗಿದ. ಮನೆಗೆ ಬಂದು ಹೇಳಿದ್ದಕ್ಕಿಂತ ಹೆಚ್ಚು ಮಾಡಿದ. ಅವನ ಜಾತಿಯವರು ಹಾಗೇ, ಹೇಳಿದಷ್ಟು ಮಾಡಿದರೆ ಅವರಿಗೆ ಸಮಾಧಾನವಿಲ್ಲ. ಸೇವೆ ಮಾಡುವವರ ಜಾತಿ ಎನ್ನುತ್ತಿದ್ದೇನೆ, ಹುಬ್ಬು ಏರಿಸಬೇಡ. ಮನೆಯ ಮೂಲೆ ಮೂಲೆಗೆ ನೀರಿನ ಬಟ್ಟಲು ಇಟ್ಟ. ಭಾವಮೈದುನ ಎಡವಿ ಬಿದ್ದು ಕಾಲು ಉಳುಕಿಸಿಕೊಂಡ. ಬೆಕ್ಕಿಗೆ ಒಂದು ಚಮಚ ಕುಂಬಳ ಬೇಕು ಎಂದು ದಿನವೂ ಇಡೀ ಕುಂಬಳಕಾಯಿ ಒಡೆಸಿದ. ಮನೆಯವರೆಲ್ಲ ಕುಂಬಳದ ಪಲ್ಯ, ಕುಂಬಳದ ಸಾರು, ಕುಂಬಳದ ಹುಗ್ಗಿ ತಿಂದರು. ಅವರೆಲ್ಲರಿಗೂ ಹೊಟ್ಟೆ ಬಹಳ ಚೆನ್ನಾಗಿ ಹೋಯಿತು.

ಬೆಕ್ಕು ತುಸು ಗೆಲುವಾಯಿತು. ನೀರು ಕುಡಿಯಿತು, ಮೀನು ತಿಂದಿತು. ಆದರೆ ಆ ಬಾಣಲೆಗೆ ಏರಿ ಕೂತು ಇಳಿದು ಬರುವುದು ನಿಲ್ಲಲಿಲ್ಲ. ಕೆಲವು ದಿನಕ್ಕೆ ಮತ್ತೆ ಕಟ್ಟಿತು. ಮತ್ತೆ ಬುಟ್ಟಿ, ಮತ್ತೆ ಡಾಕ್ಟರಮ್ಮ.

ಈ ಸಲ ಅವಳ ತಾಳ್ಮೆ ತಪ್ಪಿತ್ತು. ತೆಗೆಯುವುದನ್ನು ತೆಗೆದು, ಕೈ ತೊಳೆದು ಬಂದು, ಅವನೆದುರು ನಿಂತಳು.

"ಹಿಂಗೇ ಕಟ್ಕೊಂತ ಹೋದ್ರೆ ಕರುಳು ಹಿಗ್ಗಿ ಸೋತು ಹೋಗ್ತೈತೆ. ಆಮ್ಯಾಲೆ ನನ್ನ ಕೈಯಾಗೂ ಏನೂ ಇರಲ್ಲ. ಬೆಕ್ಕು ಸಾಯ್ತೈತೆ. ತಿಳೀತಾ?"

"ನೀವು ಹೇಳಿದ್ದೆಲ್ಲ ಮಾಡೀನ್ರೀ" ಎಂದ ವ್ಯಾಪಾರಿ.

"ಎಲ್ಲಿ ಹೋಗ್ತೈತೆ ಅದು, ಕೂರಾಕೆ?"

ಇದನ್ನು ಕೇಳಲಿ ಎಂದು ಕಾಯುತ್ತಿದ್ದವನಂತೆ ಅವನು ಹೇಳಿದ. ಕಲ್ಲು ಹಾಸು, ಕಟ್ಟೆ, ಚಾವಣಿ, ಬಾಣಲೆ, ಮರಳು. ಆ ಮರಳನ್ನು ಯಾವ ಹೊಳೆಯಿಂದ ತರಿಸಿದ್ದು, ಎಷ್ಟು ಸಲ ತೊಳೆಸಿದ್ದು, ಯಾವ ಜರಡಿ ಹಿಡಿಸಿದ್ದು ಎಲ್ಲ ಹೇಳಿದ.

"ಮೊದ್ಲು ಎಲ್ಲಿಗೆ ಹೋಗ್ತಿತ್ತು?"

"ಮೊದ್ಲು ಬಿಡ್ರೀ, ಹೊಲಸು ಜಾಗ. ಈಗ ನೋಡ್ಬೇಕು ನೀವು—"

"ಈಗಿಂದು ಕೇಳ್ಲಿಲ್ಲ ನಾನು. ಮೊದ್ಲು?"

"ಹಿಂದೆ ಹಳೇ ಮರಳಿನ ಗುಡ್ಡಿ ಇತ್ತು. ಅಲ್ಲಿ."

"ಆವಾಗ ಹಿಂಗೆ ಕಟ್ಟಿತ್ತಾ?"

ಅವನು ನೆನಪು ಮಾಡಿಕೊಂಡ. ನೆನಪಿಗೆ ಏನೂ ಬರಲಿಲ್ಲ. ಅಷ್ಟು ವರ್ಷದಲ್ಲಿ ಆ ಬೆಕ್ಕಿನ ಹೊಟ್ಟೆಯ ವಿಚಾರ ಅವನ ಮನಸ್ಸಿಗೆ ಒಂದು ದಿನವೂ ಬಂದಿರಲಿಲ್ಲ.

"ಆ ಗುಡ್ಡಿ ಏನು ಮಾಡಿದ್ರಿ?"

"ತೆಗೆಸಿಬಿಟ್ಟೆ ಕಣ್ರೀ. ಅದಕ್ಕೆ ವಯಸ್ಸಾತು, ಚಲೋ ಜಾಗ ಇರ್ಲಿ ಅಂತ. ನಾನು ಹಾಕಿರೋದು ಅಂಥಿಂಥ ಮರಳಲ್ಲ. ಆ ಮರಳಿನಾಗೆ ಹುರಿದ್ರೆ ಮಂಡಕ್ಕಿ ಮಲ್ಲಿಗಿ ಹೂವಿನಂಗೆ ಅರಳ್ತಾವೆ!"

"ನಿಮ್ಮ ಬೆಕ್ಕು ಮಂಡಕ್ಕಿ ಹುರೀತೈತೇನ್ರೀ?"

ವ್ಯಾಪಾರಿ ಬುಟ್ಟಿಯ ಬಟ್ಟೆ ಸರಿಸಿ ನೋಡಿದ. ಬುಟ್ಟಿಯೊಳಗೆ ಬೆಕ್ಕು ಅತ್ತ ತಿರುಗಿ ಮಲಗಿತ್ತು. ಅದರ ಬೆನ್ನು ಮೂಳೆ ಎದ್ದು ಕಾಣುತ್ತಿತ್ತು. ತಾನು ಜೀವಮಾನವೆಲ್ಲ ಮುಷ್ಟಿ ಹಿಡಿದು ತಿಕ್ಕಿ ನೋಡಿದ ಮರಳು ತನ್ನ ಬೆರಳಿಗೆ ಚೆನ್ನಾಗಿತ್ತು, ಬೆಕ್ಕಿನ ಪಂಜಕ್ಕೆ ಹೇಗಿದೆ ಎಂದು ತಾನು ಕೇಳಲೇ ಇಲ್ಲ ಎಂಬುದು ಅವನಿಗೆ ಅಲ್ಲಿ ತಿಳಿಯಿತು. ತಿಳಿದು ನಾಚಿಕೆಯಾಯಿತು.

"ಅಂಚು ತಗ್ಗಿರೋ ತಾಟು ಇಡ್ರಿ, ನೆಲದ ಮ್ಯಾಲೆ" ಎಂದಳು ಡಾಕ್ಟರಮ್ಮ. "ಹಳೇ ಮರಳೇ ಹಾಕ್ರಿ. ದಿನಾ ಹೊಲಸು ತೆಗೀರಿ. ಇನ್ನೊಂದು ಮಾತು, ಅದು ಕೂರುವಾಗ ಅಲ್ಲಿ ನಿಲ್ಲಬ್ಯಾಡ್ರಿ. ನಿಮ್ಮನ್ನ ಯಾರಾದ್ರೂ ನಿಂತು ನೋಡಿದ್ರೆ ನಿಮಗೆ ಆಗ್ತೈತಾ?"

ಹಳೇ ಮರಳು ಎಲ್ಲಿಂದ ತರುವುದು? ತನ್ನದನ್ನು ಹಳ್ಳಕ್ಕೆ ಸುರಿಸಿದ್ದ, ಹಳ್ಳ ಅದನ್ನು ಒಯ್ದಿತ್ತು. ಭಟ್ಟಿಯಲ್ಲಿದ್ದದ್ದು ಈಚೆಗೆ ಹಾಕಿದ ಮರಳು, ಅದು ಸವೆದು ನುಣ್ಣಗಾಗುವಷ್ಟು ಕಾಲ ಬೆಕ್ಕಿಗಿರಲಿಲ್ಲ. ಊರಲ್ಲಿ ಹಿಟ್ಟಿನಂಥ ಮರಳಿದ್ದದ್ದು ಒಂದೇ ಕಡೆ, ಅವನ ಎದುರಾಳಿಯ ಭಟ್ಟಿಯಲ್ಲಿ. ಆ ಎದುರಾಳಿ ಸೋಮಾರಿ. ಸವೆದ ಮರಳಲ್ಲೇ ಹುರಿಯುತ್ತಾನೆ, ಮಸಿ ಮಂಡಕ್ಕಿ ಮಾರುತ್ತಾನೆ ಎಂದು ನಮ್ಮ ವ್ಯಾಪಾರಿಯೇ ಸಂತೆಯಲ್ಲಿ ಗಿರಾಕಿಗಳೆದುರು ಆಡಿಕೊಂಡಿದ್ದ. ಈಗ ಅವನ ಬಾಗಿಲಿಗೇ ಹೋಗಿ ನಿಂತ.

"ನಿಮ್ಮ ಹಳೇ ಮರಳು ಒಂದು ಬುಟ್ಟಿ ಬೇಕಿತ್ತು" ಎಂದ.

ಎದುರಾಳಿ ಮೊದಲು ನಂಬಲಿಲ್ಲ. ಆಮೇಲೆ ತನ್ನ ಆಳುಗಳನ್ನೆಲ್ಲ ಕೂಗಿ ಕರೆದ. "ಬರ್ರಪ್ಪೋ, ಸಾವುಕಾರ್ರು ನಮ್ಮ ಮಸಿ ಮರಳು ಕೇಳ್ಕೊಂಡು ಬಂದಾರೆ!" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾಪಾರಿ ನಿಂತೇ ಇದ್ದ. ನಕ್ಕು ಮುಗಿದ ಮೇಲೆ ತಾನೇ ಬಗ್ಗಿ ಬುಟ್ಟಿ ತುಂಬಿ, ತಲೆಯ ಮೇಲಿಟ್ಟುಕೊಂಡು, ಸಂತೆ ಬೀದಿಯ ನಡುವೆ ಹಾದು ಮನೆಗೆ ಬಂದ. ಬುಟ್ಟಿಯ ಸಂದಿಯಿಂದ ಮಸಿ ಸೋರಿ ಅವನ ಬಿಳಿ ಅಂಗಿ ಕಪ್ಪಾಯಿತು. ಅವನ ಸೇವೆಯ ಮೇಲೆ ನನಗೆ ಮೊದಲ ಸಲ ಗೌರವ ಬಂದದ್ದು ಇಲ್ಲಿ.

ತಗಡಿನ ಡಬ್ಬಿಯೊಂದರ ಅಗಲ ಮುಚ್ಚಳ ತೆಗೆದು ನೆಲದ ಮೇಲೆ, ಗೋಡೆಯ ಮರೆಗೆ ಇಟ್ಟ. ಅದರಲ್ಲಿ ಮರಳು ಹರಡಿದ. ಬೆಕ್ಕು ಬಂತು. ಮೂಸಿತು. ಒಂದು ಕಾಲು ಒಳಗಿಟ್ಟಿತು, ಇನ್ನೊಂದನ್ನೂ ಇಟ್ಟಿತು. ಏರುವ ಕೆಲಸವೇ ಇರಲಿಲ್ಲ. ಪಂಜದಿಂದ ಮೆಲ್ಲಗೆ ಕೆರೆಯಿತು. ಮರಳು ನೀರಿನಂತೆ ಸರಿಯಿತು. ಬೆಕ್ಕು ಮತ್ತೆ ಮತ್ತೆ ಕೆರೆಯಿತು.

ಆಮೇಲೆ ತಲೆ ಎತ್ತಿ ವ್ಯಾಪಾರಿಯನ್ನು ನೋಡಿತು.

ಅವನು ಎರಡೂ ಕೈ ಎದೆಗೆ ಒತ್ತಿ ಹಿಡಿದು ನಿಂತಿದ್ದ. ಅವನ ಹಿಂದೆ ಹೆಂಡತಿ, ಅವಳ ಹಿಂದೆ ಕುಂಟುತ್ತ ಬಂದ ಭಾವಮೈದುನ. ಎಲ್ಲರ ಕಣ್ಣೂ ಒಂದೇ ಕಡೆ. ಬೆಕ್ಕು ನೋಡುತ್ತಲೇ ಇತ್ತು. ಅವನಿಗೆ ಡಾಕ್ಟರಮ್ಮನ ಮಾತು ನೆನಪಾಯಿತು. ಹೋಗಬೇಕು. ಕೊಟ್ರಯ್ಯ, ಎಣ್ಣೆ ಹೊಯ್ಯುವುದು ಸುಲಭ. ಕುಂಬಳ ಬೇಯಿಸುವುದು ಸುಲಭ. ಪ್ರೀತಿಸಿದ ಜೀವ ಕಷ್ಟದಲ್ಲಿರುವಾಗ ಅದಕ್ಕೆ ಬೆನ್ನು ಹಾಕಿ ಹೋಗುವುದು ಬಹಳ ಕಷ್ಟ. ಅಲ್ಲಿ ಏನಾಗುತ್ತದೋ ತಿಳಿಯುವುದಿಲ್ಲ, ಒಳ್ಳೆಯದಾದರೂ ನನ್ನಿಂದ ಆಯಿತು ಎಂದು ಹೇಳಿಕೊಳ್ಳಲು ಬರುವುದಿಲ್ಲ. ಅವನು ಹೆಂಡತಿಯ ತೋಳು ಹಿಡಿದು, ಭಾವಮೈದುನನನ್ನು ಮುಂದೆ ತಳ್ಳಿಕೊಂಡು, ಭಟ್ಟಿಯ ಆ ಬದಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಭಾವಮೈದುನ ಹೋಗಿ ನೋಡಿ ಬರುತ್ತೇನೆ ಎಂದ. ವ್ಯಾಪಾರಿ ಅವನ ಅಂಗಿ ಹಿಡಿದು ನಿಲ್ಲಿಸಿದ. ಇನ್ನೂ ಸ್ವಲ್ಪ ಹೊತ್ತಾಯಿತು. ಆಮೇಲೆ ಹಿಂದಿನಿಂದ ಸರ್ ಸರ್ ಎಂದು ಸದ್ದು ಬಂತು. ಬೆಕ್ಕು ಮರಳು ಎಳೆದು ಮುಚ್ಚುತ್ತಿತ್ತು. ಮುಚ್ಚುವುದಕ್ಕೆ ಏನಾದರೂ ಇದ್ದರಲ್ಲವೇ ಬೆಕ್ಕು ಮುಚ್ಚುವುದು? ವ್ಯಾಪಾರಿ ಗೋಡೆಗೆ ತಲೆ ಆನಿಸಿ ಅತ್ತುಬಿಟ್ಟ. ಯಾರದೋ ಮದುವೆ ನಿಶ್ಚಯವಾದಂತೆ ಹೆಂಡತಿ ಒಳಗೆ ಹೋಗಿ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು. ಬೆಕ್ಕು ಯಾರ ಕಡೆಗೂ ನೋಡದೆ ಹಾದು ಹೋಗಿ ತನ್ನ ಜಾಗದಲ್ಲಿ ಮಲಗಿತು.

ಅದು ಪೂರ್ತಿ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಮುದಿತನ ವಾಸಿಯಾಗುವ ಕಾಯಿಲೆಯಲ್ಲ. ಆಗಾಗ ಬಿಗಿಯುತ್ತಿತ್ತು, ಅವನು ತಡಮಾಡದೆ ಡಾಕ್ಟರಮ್ಮನ ಹತ್ತಿರ ಒಯ್ಯುತ್ತಿದ್ದ. ನೀರು, ಮೀನು, ಚಮಚ ಕುಂಬಳ, ಬಾಚಣಿಗೆ ಎಲ್ಲ ನಡೆದವು. ಯಜಮಾನಿ ಚೀಲದ ಸಂದಿಗೆ ಹೋಗಿ ಅವಿತುಕೊಳ್ಳುವುದನ್ನು ಬಿಟ್ಟಿತು. ಒಂದು ಸಂಜೆ ತಾನಾಗಿ ಬಂದು ಅವನ ಕಾಲಿಗೆ ಮೈ ತಿಕ್ಕಿತು. ಅವನಿಗೆ ಬೇಕಾದದ್ದು ಅಷ್ಟೇ ಇತ್ತು.

ಆ ಕಟ್ಟೆ ಮತ್ತು ಬಾಣಲೆ ಹಾಗೇ ಉಳಿದವು. ಒಂದು ದಿನ ಬೀದಿಯವನೊಬ್ಬ ಬಂದು ನೋಡಿ, "ಏನ್ರೀ, ಬೆಕ್ಕಿಗೆ ಅಂತ ಇಷ್ಟು ಚೆಂದ ಕಟ್ಟಿಸಿದ್ರಿ, ಖಾಲಿ ಬಿಟ್ಟೀರಲ್ಲ?" ಎಂದ.

"ಬೆಕ್ಕಿಗಲ್ಲಪ್ಪ" ಎಂದ ವ್ಯಾಪಾರಿ. "ಅದು ನನಗೆ ಕಟ್ಟಿಸ್ಕೊಂಡಿದ್ದು."

ಗುರುಗಳು ಕತೆ ನಿಲ್ಲಿಸಿದರು. ಕೋಣೆ ತಣ್ಣಗಿತ್ತು. ಅಮೃತಶಿಲೆಯ ಮೇಲೆ ಅವರ ಪಾದಗಳು ಒಂದರ ಮೇಲೊಂದು ಮುದುಡಿಕೊಂಡಿದ್ದವು. ಕೆಳಗಿನ ಹಿತ್ತಲಲ್ಲಿ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು. ರಾಟೆಯ ಸದ್ದು ಮೇಲಿನವರೆಗೂ ಬರುತ್ತಿತ್ತು. ಹಳೆಯ ಕೋಣೆಯಲ್ಲಿದ್ದಷ್ಟು ಕಾಲ ಗುರುಗಳು ನಸುಕಿಗೆ ಎದ್ದು ಆ ಬಾವಿಯ ನೀರು ಕುಡಿದು, ಬೇವಿನ ಮರದ ಸುತ್ತ ಓಡಾಡಿ, ಹಿತ್ತಲ ಮೂಲೆಯ ಶೌಚಕ್ಕೆ ಒಬ್ಬರೇ ಹೋಗಿ ಬರುತ್ತಿದ್ದರು. ಯಾರಿಗೂ ಅದರ ಸುದ್ದಿಯೇ ಇರಲಿಲ್ಲ.

ಕೊಟ್ರಯ್ಯನ ಕಣ್ಣು ಒದ್ದೆಯಾಗಿತ್ತು. "ಎಂಥ ದೃಷ್ಟಾಂತ, ಗುರುಗಳೇ" ಎಂದ. "ಸೇವೆ ಎಂದರೆ ಸೇವೆ ಪಡೆಯುವವರ ಇಷ್ಟವನ್ನು ಅರಿಯುವುದು. ಇದನ್ನು ನಾವು ಕಲ್ಲಿನಲ್ಲಿ ಕೆತ್ತಿಸಿ ಈ ಕೋಣೆಯ ಬಾಗಿಲಿಗೇ ಹಾಕಿಸೋಣ. ಬಂದ ಭಕ್ತರೆಲ್ಲ ಓದಲಿ. ಕಲ್ಲು ಕೊಡಿಸುವವರೂ ಇದ್ದಾರೆ."

ಹೀಗೆಂದು ಅವನು ಭಕ್ತಿಯಿಂದ ಕಷಾಯದ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಗುರುಗಳ ಮುಂದೆ ಹಿಡಿದ. ಎದ್ದ ರಭಸಕ್ಕೆ ಸೊಂಟದ ಗೊಂಚಲು ಝಣ್ ಎಂದಿತು.

ಗುರುಗಳು ಲೋಟವನ್ನು ನೋಡಲಿಲ್ಲ. ಗೊಂಚಲನ್ನು ನೋಡಿದರು. ಆಮೇಲೆ ಕೈ ಚಾಚಿದರು.

"ಕೆಳಗಿನ ಕೋಣೆಯ ಬೀಗದ ಕೈ ಇಲ್ಲಿ ಕೊಟ್ಟು ಹೋಗು."